ಕಲಾಯಿ ಅಂಗಡಿಗೆ ಬಂದ ಗಿಟಾರು

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದರೆ
ಮೂರನೇ ತಿರುವಿನಲ್ಲಿ ನಮ್ಮ ಅಂಗಡಿ.
ಚೆಂಬು, ಕೊಳಗ, ಮದುವೆಮನೆಯ ಬಿರಿಯಾನಿ ಹಂಡೆ,
ತೂತು ಬಿದ್ದದ್ದು, ನೆಗ್ಗಿದ್ದು, ಎಲ್ಲಕ್ಕೂ ನಾನೇ.
ಗಿಟಾರು ಬಂದದ್ದು ಮಾತ್ರ ಅದೇ ಮೊದಲು,
ಅಕ್ಕಿಚೀಲದಲ್ಲಿ ಸುತ್ತಿಕೊಂಡು,
ಪಾಲಿಬೆಟ್ಟದ ಬಸ್ಸಿನಲ್ಲಿ, ದೇಚಮ್ಮ ಟೀಚರ ತೊಡೆಯ ಮೇಲೆ.

ಮರದ್ದಲ್ಲ. ಹಿತ್ತಾಳೆ ಮೈ, ಮೇಲೆ ನಿಕ್ಕಲ್,
ಮೊಣಕೈ ತಾಗುವಲ್ಲಿ ಸವೆದು
ಒಳಗಿನ ಹಳದಿ ಇಣುಕುತ್ತಿತ್ತು.
"ರೆಸೊನೇಟರ್ ಅನ್ನುತ್ತಾರೆ. ದೊರೆ ಎಸ್ಟೇಟು ಬಿಡುವಾಗ
ಅಜ್ಜನಿಗೆ ಸಂಬಳದ ಬದಲು ಕೊಟ್ಟದ್ದು.
ಎರಡು ತಿಂಗಳ ಸಂಬಳ.
ಸಾಯುವವರೆಗೂ ಅಜ್ಜಿ ಲೆಕ್ಕ ಹೇಳುತ್ತಿದ್ದಳು."

ಮುಚ್ಚಳ ಬಿಚ್ಚಿದೆ. ಒಂಬತ್ತು ತಿರುಪು.
ಒಳಗೆ ಒಂದು ತಟ್ಟೆ,
ಅಲ್ಯೂಮಿನಿಯಂ, ಹಪ್ಪಳದಷ್ಟು ತೆಳು.
ಇಷ್ಟೇನಾ? ಇದೇ ಕೂಗುವುದಾ?
ಅವತ್ತಿನಿಂದ ಅಂಗಡಿಯ ಪ್ರತಿ ಮುಚ್ಚಳಕ್ಕೂ
ಸ್ವಲ್ಪ ಮರ್ಯಾದೆ ಕೊಡುತ್ತೇನೆ.

ಹವಾಲ್ದಾರ್ ಪಳಂಗಪ್ಪ ಅಲ್ಲೇ ಕೂತಿದ್ದರು,
ಕಡಂಬುಟ್ಟು ಬೇಯಿಸುವ ಪಾತ್ರೆಗೆ ಹಿಡಿ ಬೆಸೆಸಲು ಬಂದವರು.
ಜಬಲ್ಪುರದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ,
ಮೆಸ್ಸಿನಲ್ಲಿ ಯಾರೋ ಗೋವಾದವನಿಂದ ಕಲಿತ ಸ್ಲೈಡು.
ಜೇಬಿನಿಂದ ತೆಗೆದರು: ಹನ್ನೆರಡು ಬೋರಿನ ಖಾಲಿ ತೋಟೆ,
ಹಳೇ ಕಾಲದ ಹಿತ್ತಾಳೆಯದು. ಕಿರುಬೆರಳಿಗೆ ತೊಡಿಸಿ
"ಇದನ್ನು ಬಿಟ್ಟರೆ ಬೇರೆ ಇಲ್ಲ," ಅಂದರು.
"ಹಂದಿಯನ್ನೂ ಕಂಡಿದೆ, ಸ್ವರವನ್ನೂ ಕಂಡಿದೆ."

ಟೀಚರು ನಕ್ಕರು, ಒಳ್ಳೆಯ ನಗು ಅಲ್ಲ.
ಅವರ ಕೈಯಲ್ಲಿ ಜೇನು ಸೊಸೈಟಿಯ ಬಾಟಲಿ ಕತ್ತು,
ಅಂಚು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು.
"ಹಿತ್ತಾಳೆ ಜಗಳ ಕಾಯುತ್ತದೆ. ಗಾಜು ಕೇಳಿಸಿಕೊಳ್ಳುತ್ತದೆ."
"ಗಾಜು ಒಡೆಯುತ್ತದೆ."
"ಹೌದು. ಅದಕ್ಕೇ ಎಚ್ಚರದಿಂದ ನುಡಿಸುತ್ತೇವೆ."

ಆಮೇಲೆ, ತೊಡೆಯಲ್ಲಿ ಮಲಗಿಸಿ ನುಡಿಸಬೇಕೋ
ಎದೆಗಾನಿಸಿಯೋ;
ಹಿಂದಿನ ಬೆರಳು ತಂತಿಗೆ ಒರಗಿ
ಗುಂಯ್‌ಗುಟ್ಟುವುದನ್ನು ತಡೆಯಬೇಕೋ, ಬಿಡಬೇಕೋ.
ಟೀ ಎರಡು ಸಲ ಬಂತು.
ಇಬ್ಬರೂ ಒಪ್ಪಿದ್ದು ಇಷ್ಟಕ್ಕೆ:
ಸ್ಲೈಡು ಮೆಟ್ಟಿನ ಹಿಂದಲ್ಲ, ಮೆಟ್ಟಿನ ನೆತ್ತಿಯ ಮೇಲೇ ನಿಲ್ಲಬೇಕು,
ಕೂದಲೆಳೆ ಆಚೆಯಾದರೂ ಸ್ವರ ಹುಳಿ.
ಮತ್ತೆ, ಒತ್ತಬಾರದು.

ಒತ್ತಬಾರದು ಅಂದಾಗ ಅಪ್ಪನ ಕೈ ನೆನಪಾಯಿತು.
ಕಾದ ತಾಮ್ರ, ನವಸಾಗರದ ಹೊಗೆ,
ತವರ ಕರಗಿ ಕಣ್ಣು ಬಿಟ್ಟ ಗಳಿಗೆಗೆ
ಹತ್ತಿಯುಂಡೆ ಅದರ ಮೇಲೆ ತೇಲಿ ಹೋಗಬೇಕು.
"ಒತ್ತಿದೆಯೋ, ತಾಮ್ರ ಕಾಣುತ್ತದೆ.
ಹೆದರಿದೆಯೋ, ತವರ ಹೆಪ್ಪುಗಟ್ಟುತ್ತದೆ,"
ತಲೆಗೊಂದು ಬಿಟ್ಟು ಹೇಳುತ್ತಿದ್ದರು.
ಆ ಏಟು ಮಾತ್ರ ಹಗುರ ಇರುತ್ತಿರಲಿಲ್ಲ.
ಇದನ್ನು ಅವರಿಬ್ಬರಿಗೆ ಹೇಳಲಿಲ್ಲ.
ಯಾರೂ ಕೇಳಲಿಲ್ಲ.

ಗೊರಗೊರ ಕಾಯಿಲೆಗೆ ಕಾರಣ ಸಿಕ್ಕಿತು:
ತಟ್ಟೆಯ ಅಡಿಗೆ ಅಂಟಿ
ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು,
ಮೂರು ಕೋಣೆ, ಮೂರೂ ಖಾಲಿ.
ಯಾವ ಬೇಸಿಗೆಯದೋ.
ಚಾಕು ತೂರಿಸಿದೆ, ಇಡಿಯಾಗಿ ಕಳಚಿ ಬಂತು.
ನೆಗ್ಗನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ಎತ್ತಿದೆ.

ಹವಾಲ್ದಾರರು ತೋಟೆ ಎಳೆದ ಒಂದೇ ಎಳೆತಕ್ಕೆ
ಕಪಾಟಿನ ಲೋಟಗಳೆಲ್ಲ ಓಗೊಟ್ಟವು.
ಎದುರಿನ ಹಂದಿಮಾಂಸದ ಅಂಗಡಿಯ ಜೋಕಿಮ
ಕತ್ತಿ ಎತ್ತಿದವನು ಎತ್ತಿದಂತೆಯೇ ನಿಂತ.
ಟೀಚರು ಗಾಜಿನಲ್ಲೊಮ್ಮೆ ನುಡಿಸಿ ನೋಡಿದರು, ಇನ್ನೊಮ್ಮೆ.
"ಚೆನ್ನಾಗಿದೆ," ಅಂದರು. "ನನ್ನದಲ್ಲ."
ನಲವತ್ತು ವರ್ಷ ಅವರು ಕೇಳಿದ್ದು
ಮಣ್ಣು ಕಚ್ಚಿಕೊಂಡ ದನಿ.

ಚೌಕಾಸಿಯಿಲ್ಲದೆ ದುಡ್ಡು ಕೊಟ್ಟರು.
ಮೆಟ್ಟಿಲಿಳಿದರು. ಮತ್ತೆ ಹತ್ತಿ ಬಂದರು.
"ಆ ಗೂಡು ಎಸೆದೆಯಾ?"

ಎಸೆದಿರಲಿಲ್ಲ. ಬೆಂಕಿಪೊಟ್ಟಣದಲ್ಲಿತ್ತು.
ಹವಾಲ್ದಾರರು ತೋಟೆಯ ಬಾಯಿಗೆ ಉಫ್ ಎಂದು ಊದಿ
"ಅಂಟು ಯಾವುದು ಹಾಕುತ್ತೀ?" ಅಂದರು.
ಅದರ ಬಗ್ಗೆಯೂ ಅವರಿಗೆ
ಒಂದು ಅಭಿಪ್ರಾಯವಿತ್ತು.